ಕೆಮ್ಮಿಗೆ ಅದರ ಹೆಸರು ಹೇಳಿ ಕರೆಯೋಣ

ಮಗುವಿಗೆ ಕೆಮ್ಮು ಅಂದ್ರೆ ಸಾಕು ನೋಡಿ, ನಮ್ಮಲ್ಲಿ ಎಲ್ಲರೂ ಡಾಕ್ಟರುಗಳೇ! ಮೊಸರು ಬಿಡಿಸಿ, ಬಾಳೆಹಣ್ಣು ಕೊಡಬೇಡಿ, ದೊಡ್ಡಪತ್ರೆ ರಸ ಹಿಂಡಿ, ತಲೆಗೆ ಸ್ನಾನ ಬೇಡ... ಸಲಹೆಗಳಿಗೇನೂ ಬರವಿಲ್ಲ. ಅದೇ ಕೆಮ್ಮಿಗೆ ನಿಜವಾದ ಡಾಕ್ಟರು "ಅಸ್ತಮಾ ಇರಬಹುದು" ಅಂದರೆ ಮಾತ್ರ ಎಲ್ಲರ ಬಾಯಿಗೂ ಬೀಗ. "ಹೊರಗೆಲ್ಲೂ ಹೇಳಬೇಡ, ಹೆಣ್ಣುಮಗು ಬೇರೆ" ಅಂತ ನಮ್ಮ ಅತ್ತೆ ಪಿಸುಗುಟ್ಟಿದರು. ಮಗಳಿಗಿನ್ನೂ ನಾಲ್ಕು ವರ್ಷ, ಅವಳ ಮದುವೆ ಚಿಂತೆ ಆಗಲೇ ಶುರು :-)

ನನಗನ್ನಿಸೋದು ಇಷ್ಟು. ಈ ಮುಚ್ಚುಮರೆಯೇ ಮಕ್ಕಳಿಗೆ ದೊಡ್ಡ ಕಾಯಿಲೆ.

ಅಪರೂಪದ ರೋಗವಾಗಿದ್ದರೆ ಮಾತು ಬೇರೆ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ಅವರು ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕ ಇಟ್ಟಿದ್ದರು. 1979ರಲ್ಲಿ ಅವರಲ್ಲಿ ಶೇ. 9ರಷ್ಟು ಮಕ್ಕಳಿಗೆ ಅಸ್ತಮಾ ಇದ್ದರೆ, 1999ರ ಹೊತ್ತಿಗೆ ಅದು ಶೇ. 29.5. ಇದು ಊರಿನ ಎಲ್ಲ ಮಕ್ಕಳ ಲೆಕ್ಕವಲ್ಲ, ನಿಜ. ಆದರೂ ಇಷ್ಟೊಂದು ಮನೆಗಳಲ್ಲಿ ಇರೋದನ್ನ ಯಾರಿಂದ ಮುಚ್ಚಿಡೋದು?

ಡಾಕ್ಟರು "ಇರಬಹುದು" ಅನ್ನೋದಕ್ಕೂ ಕಾರಣವಿದೆ. ಊದಿ ನೋಡುವ ಪರೀಕ್ಷೆ ಐದಾರು ವರ್ಷಕ್ಕಿಂತ ಚಿಕ್ಕ ಮಕ್ಕಳ ಕೈಲಿ ಸರಿಯಾಗಿ ಆಗೋದಿಲ್ಲ. ನೆಗಡಿಯಾದಾಗ ಮಾತ್ರ ಎದೆ ಸುಂಯ್‌ಗುಟ್ಟುವ ಎಷ್ಟೋ ಮಕ್ಕಳು ದೊಡ್ಡವರಾಗ್ತಾ ಸರಿಹೋಗ್ತಾರೆ. ಹಾಗಾಗಿ ಲಕ್ಷಣಗಳನ್ನೇ ಜೋಡಿಸಿ ನೋಡಬೇಕು. ಕೆಮ್ಮು ನಡುರಾತ್ರಿ ಬರುತ್ತಾ, ಓಡಿದಾಗ, ನಕ್ಕಾಗ, ಅತ್ತಾಗ ಬರುತ್ತಾ, ಮನೆಯಲ್ಲಿ ಬೇರೆ ಯಾರಿಗಾದರೂ ಉಬ್ಬಸ ಇದೆಯಾ? ನಾಚಿಕೆಗೆ ಬಿದ್ದು "ನಮ್ಮ ವಂಶದಲ್ಲೇ ಇಲ್ಲ" ಅಂದುಬಿಟ್ಟರೆ ಡಾಕ್ಟರು ಯಾವುದನ್ನ ನಂಬಬೇಕು? ರಾತ್ರಿ ಕೆಮ್ಮುವಾಗ ಮೊಬೈಲಲ್ಲಿ ಒಂದು ನಿಮಿಷ ವಿಡಿಯೋ ಮಾಡಿಕೊಂಡು ಹೋಗಿ ತೋರಿಸಿ, ನೂರು ಮಾತಿಗಿಂತ ಅದೇ ವಾಸಿ.

ಇನ್ನು ಪಂಪಿನ ಭಯ. "ಒಂದ್ಸಲ ಹಿಡಿದರೆ ಬಿಡಿಸೋಕಾಗಲ್ಲ", "ಅದು ಕೊನೇ ಅಸ್ತ್ರ" ಅನ್ನೋರು ಸಿರಪ್ಪನ್ನ ಮಾತ್ರ ಚಮಚಗಟ್ಟಲೆ ಕುಡಿಸ್ತಾರೆ. ಲೆಕ್ಕ ಹಾಕಿ ನೋಡಿ. ಸಾಲ್ಬುಟಮಾಲ್ ಪಂಪಿನ ಒಂದು ಒತ್ತಿಗೆ 100 ಮೈಕ್ರೋಗ್ರಾಂ. ಅದೇ ಔಷಧಿಯ ಸಾಮಾನ್ಯ ಸಿರಪ್ಪಿನಲ್ಲಿ 5 ಮಿಲೀಗೆ 2 ಮಿಲಿಗ್ರಾಂ, ಅಂದರೆ ಇಪ್ಪತ್ತು ಪಟ್ಟು! ಪಂಪಿನದು ನೇರ ಶ್ವಾಸನಾಳಕ್ಕೆ, ಸಿರಪ್ಪಿನದು ಹೊಟ್ಟೆಗೆ ಹೋಗಿ, ರಕ್ತಕ್ಕೆ ಸೇರಿ, ಮೈಯೆಲ್ಲ ಸುತ್ತಿಕೊಂಡು. ಮಗುವಿನ ಕೈ ನಡುಗಿ ಎದೆ ಡವಡವ ಅಂದರೆ ಆಶ್ಚರ್ಯವೇನು?

ದಿನಾ ತಗೊಳ್ಳೋ ಸ್ಟೀರಾಯ್ಡ್ ಪಂಪಿನಿಂದ ಏನೂ ಆಗಲ್ಲ ಅಂತ ನಾನು ಹೇಳೋದಿಲ್ಲ. ಬಹಳ ಕಾಲ ತಗೊಂಡರೆ ಎತ್ತರದಲ್ಲಿ ಒಂದು ಸೆಂಟಿಮೀಟರ್ ಆಸುಪಾಸು ಕಡಿಮೆಯಾಗಬಹುದು. ತಗೊಂಡ ಮೇಲೆ ಬಾಯಿ ಮುಕ್ಕಳಿಸಬೇಕು. ಆದರೆ ತಿಂಗಳಿಗೊಮ್ಮೆ ಎಮರ್ಜೆನ್ಸಿ ವಾರ್ಡಿಗೆ ಓಡೋದು, ನಿದ್ದೆಗೆಟ್ಟು ಸ್ಕೂಲು ತಪ್ಪಿಸೋದು, ಇದಕ್ಕೆಲ್ಲ ಬೆಲೆ ಇಲ್ವೇ?

ಸಿರಪ್ಪಿನ ಮೇಲಿನ ನಮ್ಮ ಕುರುಡು ನಂಬಿಕೆಗೆ 2025ರಲ್ಲಿ ದೊಡ್ಡ ಪೆಟ್ಟೇ ಬಿತ್ತು. ಮಧ್ಯಪ್ರದೇಶದ ಛಿಂದ್ವಾಡಾ ಕಡೆ ವಿಷದ ಅಂಶವಿದ್ದ ಕೆಮ್ಮಿನ ಸಿರಪ್ ಕುಡಿದು ಇಪ್ಪತ್ತಕ್ಕೂ ಹೆಚ್ಚು ಪುಟ್ಟ ಮಕ್ಕಳು ಕಿಡ್ನಿ ಕೆಟ್ಟು ತೀರಿಕೊಂಡರು. ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಸಿರಪ್ ಕೊಡಲೇಬಾರದು, ಐದರೊಳಗೆ ಸಾಮಾನ್ಯವಾಗಿ ಬೇಡ ಅಂತ ಕೇಂದ್ರ ಸರ್ಕಾರ ಆಗ ಸೂಚನೆ ಕೊಟ್ಟಿತು. ಮೆಡಿಕಲ್ ಶಾಪಿನಲ್ಲಿ "ಮಗೂಗೆ ಕೆಮ್ಮು, ಏನಾದ್ರೂ ಕೊಡಿ" ಅನ್ನೋ ಅಭ್ಯಾಸ ಇನ್ನಾದರೂ ಬಿಡಬೇಕು.

ಎಲ್ಲ ಕೆಮ್ಮೂ ಅಸ್ತಮಾ ಅಲ್ಲ ಅನ್ನೋದೂ ನೆನಪಿರಲಿ. ಎರಡು ವಾರ ದಾಟಿದ ಕೆಮ್ಮು, ಜೊತೆಗೆ ಜ್ವರ, ತೂಕ ಇಳಿಯೋದು ಇದ್ದರೆ ಟಿಬಿ ಇದೆಯಾ ನೋಡಬೇಕು. ಕಡಲೆಕಾಯಿ ತಿಂತಾ ತಿಂತಾ ಇದ್ದಕ್ಕಿದ್ದಂತೆ ಶುರುವಾದರೆ ಬೀಜ ಶ್ವಾಸನಾಳಕ್ಕೆ ಹೋಗಿರಬಹುದು. ಉಸಿರೆಳೆದಾಗ ಪಕ್ಕೆಲುಬಿನ ನಡುವೆ ಗುಳಿ ಬಿದ್ದರೆ, ಮಾತಾಡೋಕೆ ಆಗದಿದ್ದರೆ, ತುಟಿ ನೀಲಿಯಾದರೆ ಯಾರ ಸಲಹೆಗೂ ಕಾಯದೆ ಆಸ್ಪತ್ರೆಗೆ ಓಡಿ.

ಅತ್ತೆಯ ಕಾಳಜಿ ಸುಳ್ಳಲ್ಲ. ಅವರ ಕಾಲದಲ್ಲಿ ಉಬ್ಬಸದವರು ರಾತ್ರಿಯಿಡೀ ಕೂತೇ ಕಳೆದಿದ್ದನ್ನ ಅವರು ಕಂಡಿದ್ದಾರೆ. ಈಗ ಹಾಗಿರಬೇಕಿಲ್ಲ. ಆದರೆ ಮಗಳ ಸ್ಕೂಲಿನ ಟೀಚರಿಗೆ ವಿಷಯ ಗೊತ್ತಿರಬೇಕು, ಬ್ಯಾಗಿನಲ್ಲಿ ಪಂಪು ಇರಬೇಕು, ಮನೆಯಲ್ಲಿ ಸೊಳ್ಳೆ ಬತ್ತಿ, ಊದುಬತ್ತಿ ಹೊಗೆ ನಿಲ್ಲಬೇಕು. ಕಾಯಿಲೆಯ ಹೆಸರನ್ನೇ ಹೇಳದೆ ಇದ್ಯಾವುದನ್ನ ಮಾಡೋಕಾಗುತ್ತೆ ಹೇಳಿ? ಕನ್ನಡಕ ಹಾಕಿಕೊಳ್ಳೋ ಮಗುವನ್ನ ನಾವು ಬಚ್ಚಿಡ್ತೀವಾ? ಪಂಪೂ ಅಷ್ಟೇ.

ನಿಮ್ಮ ಮನೆಗಳಲ್ಲಿ ಹೇಗೆ?