ಆಪ್ ಸ್ಟೋರ್ ಬರುವ ಮೊದಲು ಆಪ್‌ಗಳನ್ನು ಯಾರು ಬರೆಯುತ್ತಿದ್ದರು?

ಮೊಬೈಲ್ ಆಪ್‌ಗಳು ಹುಟ್ಟಿದ್ದೇ 2008ರಲ್ಲಿ, ಐಫೋನಿನ ಆಪ್ ಸ್ಟೋರ್ ಜೊತೆಗೆ ಎನ್ನುವ ಮಾತನ್ನು ನೀವೂ ಕೇಳಿರಬಹುದು. ಇದರಲ್ಲಿ ಅರ್ಧ ನಿಜ. ಆಪ್ ಸ್ಟೋರ್ ತೆರೆದದ್ದು 2008ರ ಜುಲೈ 10ರಂದು, ಸುಮಾರು 500 ಆಪ್‌ಗಳೊಂದಿಗೆ. ಆದರೆ ಜೇಬಿನಲ್ಲಿ ಇಟ್ಟುಕೊಳ್ಳುವ ಕಂಪ್ಯೂಟರಿಗೆ ತಂತ್ರಾಂಶ ಬರೆದು ಮಾರುವ ಕೆಲಸ ಅದಕ್ಕಿಂತ ಹತ್ತು ವರ್ಷ ಮೊದಲೇ ಭರದಿಂದ ನಡೆದಿತ್ತು. ಹಾಗೆ ಬರೆಯುತ್ತಿದ್ದವರಲ್ಲಿ ಎಷ್ಟೋ ಜನರಿಗೆ ಕಂಪನಿಯೂ ಇರಲಿಲ್ಲ, ಕಚೇರಿಯೂ ಇರಲಿಲ್ಲ. ಹಗಲು ಬೇರೆ ಉದ್ಯೋಗ ಮಾಡಿ, ರಾತ್ರಿ ಮನೆಯಲ್ಲಿ ಕೂತು ಕೋಡ್ ಬರೆಯುತ್ತಿದ್ದವರು ಅವರು.

ಇದರ ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಬ್ರಿಟನ್ನಿನ ಸೈಯಾನ್ ಕಂಪನಿ 1984ರಲ್ಲೇ ಆರ್ಗನೈಸರ್ ಎಂಬ ಕೈಗಣಕವನ್ನು ಮಾರುಕಟ್ಟೆಗೆ ತಂದಿತ್ತು. 1991ರ ಸೀರೀಸ್ 3 ಮಾದರಿಯಲ್ಲಂತೂ ಓಪಿಎಲ್ ಎಂಬ ಭಾಷೆಯಲ್ಲಿ ಆ ಪುಟ್ಟ ಯಂತ್ರದ ಮೇಲೆಯೇ ಪ್ರೋಗ್ರಾಮ್ ಬರೆಯಬಹುದಿತ್ತು. ಆದರೆ ಒಂಟಿ ಡೆವಲಪರುಗಳ ದೊಡ್ಡ ಸಂತೆ ನೆರೆದದ್ದು ಪಾಮ್ ಸುತ್ತ.

1996ರ ಮಾರ್ಚಿನಲ್ಲಿ ಅಮೆರಿಕದ ಪಾಮ್ ಕಂಪ್ಯೂಟಿಂಗ್ ತನ್ನ ಪೈಲಟ್ ಸಾಧನವನ್ನು ಬಿಡುಗಡೆ ಮಾಡಿತು. ಅದರ ರೂವಾರಿ ಜೆಫ್ ಹಾಕಿನ್ಸ್, ಯಂತ್ರ ತಯಾರಾಗುವ ಮೊದಲು ಅದೇ ಅಳತೆಯ ಮರದ ತುಂಡನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದರಂತೆ. ಯಾರಾದರೂ ಭೇಟಿಗೆ ಸಮಯ ಕೇಳಿದರೆ ಅದನ್ನೇ ಹೊರತೆಗೆದು, ಅದರ ಮೇಲೆ ಬರೆದಂತೆ ಮಾಡುತ್ತಿದ್ದರಂತೆ. ಫಾರ್ವರ್ಡ್ ಸಂದೇಶದ ಕತೆಯಂತೆ ಕೇಳಿಸಿದರೂ ಇದು ಕಟ್ಟುಕತೆಯಲ್ಲ. ಆ ಮರದ ಮಾದರಿ ಈಗ ಕ್ಯಾಲಿಫೋರ್ನಿಯಾದ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂನಲ್ಲಿದೆ.

ಪೈಲಟ್ 1000ರಲ್ಲಿ ಇದ್ದದ್ದು 128 ಕಿಲೋಬೈಟ್ ಸ್ಮರಣೆ. ಬೆಳಿಗ್ಗೆ ಎದ್ದ ಕೂಡಲೇ ನಿಮ್ಮ ವಾಟ್ಸಾಪಿಗೆ ಬರುವ ಹೂವಿನ ಚಿತ್ರದ ‘ಶುಭೋದಯ’ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತದೆ. ಪ್ರೊಸೆಸರಿನ ವೇಗ 16 ಮೆಗಾಹರ್ಟ್ಸ್, ಪರದೆ 160 ಚುಕ್ಕಿ ಅಗಲ, 160 ಚುಕ್ಕಿ ಎತ್ತರ, ಬಣ್ಣವಿಲ್ಲ. ಎರಡು ಪುಟ್ಟ ಬ್ಯಾಟರಿ ಸೆಲ್ ಹಾಕಿದರೆ ವಾರಗಟ್ಟಲೆ ಓಡುತ್ತಿತ್ತು. ಸೆಲ್ ಪೂರ್ತಿ ಸತ್ತರೆ ಒಳಗಿದ್ದದ್ದೆಲ್ಲ ಅಳಿಸಿಹೋಗುತ್ತಿತ್ತು. ಮನೆಯ ಕಂಪ್ಯೂಟರಿಗೆ ಜೋಡಿಸಿದ ತೊಟ್ಟಿಲಿನಂಥ ಸ್ಟ್ಯಾಂಡಿನಲ್ಲಿ ಇಟ್ಟು ಗುಂಡಿ ಒತ್ತಿದರೆ ಎಲ್ಲದರ ಇನ್ನೊಂದು ಪ್ರತಿ ಕಂಪ್ಯೂಟರಿನಲ್ಲಿ ಉಳಿಯುತ್ತಿತ್ತು. ಇದಕ್ಕೆ ಹಾಟ್‌ಸಿಂಕ್ ಎಂದು ಹೆಸರು.

ಇಷ್ಟು ಇಕ್ಕಟ್ಟಿನಲ್ಲಿ ಪ್ರೋಗ್ರಾಮ್ ಬರೆಯುವುದು ಹೇಗೆ? ನಮ್ಮ ಮೇಜಿನ ಕಂಪ್ಯೂಟರ್, ಡಿಸ್ಕಿನಲ್ಲಿರುವ ಪ್ರೋಗ್ರಾಮನ್ನು ಸ್ಮರಣೆಗೆ ನಕಲು ಮಾಡಿಕೊಂಡು ಓಡಿಸುತ್ತದೆ. ಪಾಮ್‌ನಲ್ಲಿ ಎರಡು ಪ್ರತಿ ಇಡಲು ಜಾಗವೇ ಇರಲಿಲ್ಲ. ಪ್ರೋಗ್ರಾಮ್ ಕೂತಲ್ಲಿಂದಲೇ ಓಡಬೇಕು. ಮಾಹಿತಿಯನ್ನು ದೊಡ್ಡ ಫೈಲಿನ ಬದಲು ಚಿಕ್ಕ ಚಿಕ್ಕ ದಾಖಲೆಗಳಾಗಿ ಇಡಬೇಕು. ಒಮ್ಮೆಗೆ ಒಂದೇ ಪ್ರೋಗ್ರಾಮ್ ನಡೆಯುತ್ತದೆ, ಬಳಕೆದಾರ ಯಾವ ಕ್ಷಣದಲ್ಲಿ ಬೇಕಾದರೂ ಇನ್ನೊಂದಕ್ಕೆ ಹಾರುತ್ತಾನೆ. ಹಾಗಾಗಿ ‘ಸೇವ್ ಮಾಡಲೇ?’ ಎಂದು ಕೇಳುತ್ತ ಕೂರುವಂತಿಲ್ಲ, ಬಿಟ್ಟಲ್ಲಿಂದಲೇ ಮುಂದುವರಿಯುವಂತೆ ಬರೆಯಬೇಕು. ಇಂದು ಫೋನಿನಲ್ಲಿ ನಾವು ಸಹಜವೆಂದುಕೊಂಡಿರುವ ಈ ನಡವಳಿಕೆ ಆಗ ಡೆವಲಪರುಗಳು ಹೊಸದಾಗಿ ಕಲಿಯಬೇಕಿದ್ದ ಶಿಸ್ತು.

ಒಬ್ಬನೇ ಮನುಷ್ಯನಿಗೆ ಇದರಲ್ಲೇ ಅವಕಾಶವಿತ್ತು ಎನ್ನಬೇಕು. 30 ಕಿಲೋಬೈಟಿನ ಪ್ರೋಗ್ರಾಮನ್ನು ಒಬ್ಬರೇ ಬರೆದು ಮುಗಿಸಬಹುದು, ಇಂದಿನ ಬ್ಯಾಂಕ್ ಆಪನ್ನು ಸಾಧ್ಯವಿಲ್ಲ. ಪಾಮ್ ಶಿಫಾರಸು ಮಾಡುತ್ತಿದ್ದ ಕೋಡ್‌ವಾರಿಯರ್ ಎಂಬ ಸಲಕರಣೆಗೆ ದುಡ್ಡು ಕೊಡಬೇಕಿತ್ತು. ಹೊರಗಿನ ಉತ್ಸಾಹಿಗಳು ಸುಮ್ಮನೆ ಕೂರದೆ ಮುಕ್ತ ತಂತ್ರಾಂಶ ಬಳಸಿ ಉಚಿತ ಸಲಕರಣೆಯನ್ನೇ ಕಟ್ಟಿದರು. ಯಂತ್ರ ಕೊಳ್ಳದೆಯೂ ಕಂಪ್ಯೂಟರ್ ಪರದೆಯ ಮೇಲೆ ಪೈಲಟ್ ಓಡಿಸುವ ಎಮ್ಯುಲೇಟರನ್ನು ಮೊದಲು ಬರೆದವರೂ ಕಂಪನಿಯ ಹೊರಗಿನವರೇ. ಆಮೇಲೆ ಪಾಮ್ ಅದನ್ನು ತನ್ನದಾಗಿ ಸ್ವೀಕರಿಸಿ ಬೆಳೆಸಿತು.

ಮಾರಾಟ ನಡೆಯುತ್ತಿದ್ದುದು ಶೇರ್‌ವೇರ್ ಪದ್ಧತಿಯಲ್ಲಿ. ಮೊದಲು ಬಳಸಿ ನೋಡಿ, ಇಷ್ಟವಾದರೆ ಹಣ ಕಳಿಸಿ. ಹಣ ತಲುಪಿದ ಮೇಲೆ ನೋಂದಣಿ ಸಂಖ್ಯೆ ಬರುತ್ತಿತ್ತು. ಬಹಳ ಸಲ ಆ ಸಂಖ್ಯೆಯನ್ನು ನಿಮ್ಮ ಹಾಟ್‌ಸಿಂಕ್ ಹೆಸರಿಗೇ ಹೊಂದಿಸಿರುತ್ತಿದ್ದರು, ಇನ್ನೊಬ್ಬರಿಗೆ ಕೊಟ್ಟರೆ ನಡೆಯುತ್ತಿರಲಿಲ್ಲ. ಪಾಮ್‌ಗಿಯರ್, ಹ್ಯಾಂಡಾಂಗೋ ಎಂಬ ಮಾರಾಟ ತಾಣಗಳು ನಡುವೆ ಇದ್ದರೂ, ದೋಷ ಕಂಡಾಗ ಬರೆದವರಿಗೇ ಇಮೇಲ್ ಮಾಡಬಹುದಿತ್ತು. ಡೇಟ್‌ಬುಕ್ ಹೆಸರಿನ ದಿನಚರಿ ತಂತ್ರಾಂಶ ಇದಕ್ಕೆ ಒಳ್ಳೆಯ ಉದಾಹರಣೆ. ಅದನ್ನು ಬರೆದ ಪಿಮ್ಲಿಕೊ ಸಾಫ್ಟ್‌ವೇರ್‌ನ ಒಡೆಯ, ಬಂದ ಹಣವನ್ನು ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಗೊರಿಲ್ಲಾಗಳಿಗೆ ಆಶ್ರಯಧಾಮ ಕಟ್ಟಲು ಬಳಸಿದರು. ಯಂತ್ರದ ಜೊತೆ ಬರುತ್ತಿದ್ದ ದಿನಚರಿಗಿಂತ ಇದೇ ಚೆನ್ನಾಗಿದೆ ಎಂದು ಜನ ದುಡ್ಡು ಕೊಟ್ಟು ಕೊಂಡರು.

ಇನ್ನೊಂದು ಕೊಡುಗೆ ಹೆಚ್ಚಿನವರಿಗೆ ಗೊತ್ತಿಲ್ಲ. ಪಾಮ್‌ನಲ್ಲಿ ಪುಸ್ತಕ ಓದಲು ಒಬ್ಬ ಡೆವಲಪರ್ ‘ಡಾಕ್’ ಎಂಬ ಪುಟ್ಟ ತಂತ್ರಾಂಶ ಬರೆದರು. ಅದು ಬಳಸಿದ ಕಡತದ ರೂಪ ಎಲ್ಲರಿಗೂ ಮಾದರಿಯಾಯಿತು. ಫ್ರಾನ್ಸಿನ ಮೊಬಿಪಾಕೆಟ್ ಅದರ ಮೇಲೆ ತನ್ನ ಇ-ಪುಸ್ತಕ ರೂಪವನ್ನು ಕಟ್ಟಿತು, 2005ರಲ್ಲಿ ಅಮೆಜಾನ್ ಮೊಬಿಪಾಕೆಟನ್ನು ಕೊಂಡಿತು, 2007ರಲ್ಲಿ ಕಿಂಡಲ್ ಬಂತು. ನಿಮ್ಮಲ್ಲಿ ಹಳೆಯ ಮೊಬಿ ಕಡತವಿದ್ದರೆ, ಅದರೊಳಗಿನ ಚೌಕಟ್ಟು ಇಂದಿಗೂ ಪಾಮ್‌ನದೇ.

ಹಾಗಂತ ಅದೇನೂ ಚಿನ್ನದ ಕಾಲವಲ್ಲ. ಪಾಮ್‌ನಲ್ಲಿ ಒಂದು ಪ್ರೋಗ್ರಾಮ್ ಇನ್ನೊಂದರ ಮಾಹಿತಿಗೆ ಕೈಹಾಕದಂತೆ ತಡೆಯುವ ಗೋಡೆಯೇ ಇರಲಿಲ್ಲ. 2000ದ ಆಗಸ್ಟಿನಲ್ಲಿ, ಲಿಬರ್ಟಿ ಎಂಬ ದುಡ್ಡು ಕೊಟ್ಟು ಕೊಳ್ಳಬೇಕಾದ ತಂತ್ರಾಂಶವನ್ನು ಪುಕ್ಕಟೆಯಾಗಿಸುವ ಕೀಲಿ ಎಂದು ಹೇಳಿಕೊಂಡ ಪ್ರೋಗ್ರಾಮ್ ಒಂದು ಹರಡಿತು. ಓಡಿಸಿದರೆ ಅದು ಸಾಧನದಲ್ಲಿದ್ದ ತಂತ್ರಾಂಶಗಳನ್ನೆಲ್ಲ ಅಳಿಸಿಹಾಕುತ್ತಿತ್ತು. ಮದುವೆ ಕರೆಯೋಲೆ, ಟ್ರಾಫಿಕ್ ಚಲನ್ ಎಂಬ ಹೆಸರಿನಲ್ಲಿ ಇಂದು ವಾಟ್ಸಾಪಿಗೆ ಬರುವ ಎಪಿಕೆ ಕಡತಗಳು ಇದೇ ಜಾತಿಯವು. ವ್ಯತ್ಯಾಸವೆಂದರೆ, ಆಗ ಹೋಗುತ್ತಿದ್ದುದು ದಿನಚರಿ ಮತ್ತು ಆಟಗಳು, ಈಗ ಹೋಗುವುದು ಬ್ಯಾಂಕ್ ಖಾತೆಯ ಹಣ. ಆಪ್ ಸ್ಟೋರ್, ಪ್ಲೇ ಸ್ಟೋರ್‌ಗಳ ತಪಾಸಣೆ ಪರಿಪೂರ್ಣವಲ್ಲ, ಆದರೂ ಈ ವಿಷಯದಲ್ಲಿ ಅವು ತಂದ ಸುಧಾರಣೆ ನಿಜವಾದದ್ದು.

ನಮ್ಮ ಬೆಂಗಳೂರಿನ ಸಿಂಪ್ಯೂಟರ್ ಸಹ ಇದೇ ಕಾಲದ್ದು. ‘ಜಗತ್ತಿನ ಮೊದಲ ಸ್ಮಾರ್ಟ್‌ಫೋನ್ ಬೆಂಗಳೂರಿನದು’ ಎಂದು ಯಾರಾದರೂ ಕಳಿಸಿದರೆ ಮುಂದಕ್ಕೆ ಕಳಿಸಬೇಡಿ. ಅದು ಲಿನಕ್ಸ್ ಆಧಾರಿತ ಕೈಗಣಕ. ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಸೇರಿ ರೂಪಿಸಿದ ಅದರ ಒಂದು ಮಾದರಿ, ಅಮೀಡ, 2004ರಲ್ಲಿ ಮಾರುಕಟ್ಟೆಗೆ ಬಂತು. ಫೋನಿನೊಂದಿಗೆ ಸ್ಪರ್ಶಪರದೆ ಇದ್ದ ಐಬಿಎಂನ ಸೈಮನ್ 1994ರಲ್ಲೇ ಬಂದಿತ್ತು. ಸಿಂಪ್ಯೂಟರ್ ಹೆಚ್ಚು ಮಾರಾಟವಾಗಲಿಲ್ಲ. ಆದರೆ ಅದಕ್ಕಾಗಿ ಬರೆದ, ಕನ್ನಡವನ್ನೂ ಓದಿ ಹೇಳುವ ‘ಧ್ವನಿ’ ತಂತ್ರಾಂಶ ಮುಕ್ತವಾಗಿದ್ದರಿಂದ ಬೇರೆಯವರು ಅದನ್ನು ಎತ್ತಿಕೊಂಡು ಮತ್ತಷ್ಟು ಭಾರತೀಯ ಭಾಷೆಗಳಿಗೆ ಬೆಳೆಸಿದರು.

2008ರಲ್ಲಿ ಬದಲಾದದ್ದು ಆಪ್ ಅಲ್ಲ, ಆಪ್ ನಿಮ್ಮನ್ನು ತಲುಪುವ ದಾರಿ. ಅಂಗಡಿ ಒಂದೇ ಆಯಿತು, ಬೆಲೆಯಲ್ಲಿ 30 ಶೇಕಡ ಅಂಗಡಿಗೆ ಹೋಯಿತು. ಕೊಳ್ಳುವವರ ಸಂಖ್ಯೆ ಮಾತ್ರ ಒಂಟಿ ಡೆವಲಪರ್ ಕನಸಿನಲ್ಲೂ ಕಾಣದಷ್ಟು ಬೆಳೆಯಿತು. ಪೈಪೋಟಿಯಲ್ಲಿ ಬೆಲೆ ಕುಸಿದು ‘ಉಚಿತ’ಕ್ಕೆ ಬಂದು ನಿಂತಿತು. ಉಚಿತವಾದ ಮೇಲೆ ಖರ್ಚು ಹುಟ್ಟಬೇಕಲ್ಲ, ಜಾಹೀರಾತು ಬಂತು, ಜಾಹೀರಾತಿಗಾಗಿ ನಿಮ್ಮ ಮಾಹಿತಿ ಬೇಕಾಯಿತು. ಪೈಲಟ್‌ನ ತಂತ್ರಾಂಶ ನಿಮ್ಮ ದಿನಚರಿಯನ್ನು ಎಲ್ಲಿಗೂ ಕಳಿಸುತ್ತಿರಲಿಲ್ಲ. ಅದು ಬರೆದವರ ದೊಡ್ಡತನವೇ ಎಂದೇನಲ್ಲ, ಆ ಸಾಧನಕ್ಕೆ ಇಂಟರ್ನೆಟ್ಟೇ ಇರಲಿಲ್ಲ.

ಇದೇ ಕಾರಣದಿಂದ ಆ ತಂತ್ರಾಂಶಗಳು ಕಂಪನಿಗಿಂತ ಹೆಚ್ಚು ಬಾಳಿದವು. 2010ರಲ್ಲಿ ಎಚ್‌ಪಿ ಪಾಮ್ ಅನ್ನು ಕೊಂಡಿತು, ಮರುವರ್ಷವೇ ಸಾಧನಗಳ ತಯಾರಿಕೆಯನ್ನು ಕೈಬಿಟ್ಟಿತು. ಸರ್ವರ್ ಮುಚ್ಚಿದರೆ ಇಂದಿನ ಎಷ್ಟೋ ಆಪ್‌ಗಳು ಮರುದಿನವೇ ತೆರೆಯುವುದಿಲ್ಲ. ಪಾಮ್‌ನ ಪ್ರೋಗ್ರಾಮುಗಳು ಯಾವ ಸರ್ವರನ್ನೂ ನಂಬಿಕೊಂಡಿರಲಿಲ್ಲ. ಇಂಟರ್ನೆಟ್ ಆರ್ಕೈವ್ 2022ರಲ್ಲಿ ಅವುಗಳ ಒಂದು ಸಂಗ್ರಹವನ್ನು ತೆರೆದಿದೆ. ಬ್ರೌಸರಿನಲ್ಲೇ ಎಮ್ಯುಲೇಟರ್ ಓಡುವುದರಿಂದ ಏನನ್ನೂ ಇನ್‌ಸ್ಟಾಲ್ ಮಾಡದೆ ಅವನ್ನು ಬಳಸಿ ನೋಡಬಹುದು. ಲಾಗಿನ್ ಆಗಿ ಎಂದಾಗಲಿ, ನಿಮ್ಮ ಸಂಪರ್ಕಗಳ ಪಟ್ಟಿಗೆ ಅನುಮತಿ ಕೊಡಿ ಎಂದಾಗಲಿ ಕೇಳದೆ ಅವು ತೆರೆದುಕೊಳ್ಳುತ್ತವೆ.