ಪಾಸ್‌ವರ್ಡ್ ಸೋರಿದರೆ ಬೀಗ ಮೊದಲು, ಬೈಗುಳ ಆಮೇಲೆ

ಎಟಿಎಂ ಕಾರ್ಡ್ ಕಳೆದರೆ ಏನು ಮಾಡಬೇಕೆಂದು ನಮ್ಮೆಲ್ಲರ ಮನೆಯಲ್ಲೂ ಗೊತ್ತು. ಮೊದಲು ಬ್ಯಾಂಕಿಗೆ ಫೋನ್ ಮಾಡಿ ಬ್ಲಾಕ್ ಮಾಡಿಸುತ್ತೇವೆ. ಸಹಿ ಮಾಡಿದ ಚೆಕ್ ಕಳೆದರೆ ‘ಸ್ಟಾಪ್ ಪೇಮೆಂಟ್’ ಅರ್ಜಿ ಕೊಡುತ್ತೇವೆ. ಯಾರು ಕಳೆದರು, ಹೇಗೆ ಕಳೆದರು ಎಂಬ ಜಗಳ ಅದಾದ ಮೇಲೆ. ಆದರೆ ಕ್ಲೌಡ್ ಖಾತೆಯ ಪಾಸ್‌ವರ್ಡ್ ಬಯಲಾದಾಗ ಈ ಕ್ರಮ ತಲೆಕೆಳಗಾಗುತ್ತದೆ. ಮೆಸೇಜ್ ಡಿಲೀಟ್ ಮಾಡುತ್ತಾರೆ, ಕಳಿಸಿದವರನ್ನು ಬೈಯುತ್ತಾರೆ, ‘ಯಾರಿಗೂ ಹೇಳಬೇಡ’ ಎನ್ನುತ್ತಾರೆ. ಬೀಗ ಮಾತ್ರ ಹಳೆಯದೇ ಇರುತ್ತದೆ. ಇದು ದೊಡ್ಡ ಕಂಪನಿಗಳಲ್ಲೂ ನಡೆದಿದೆ, ಸಣ್ಣ ಅಂಗಡಿಗಳಲ್ಲೂ ನಡೆಯುತ್ತಿದೆ. ನಮ್ಮ ಕಾಲೇಜಿನಲ್ಲಿ ನಡೆಯಬಾರದು ಎಂದು ಇದನ್ನು ಬರೆಯುತ್ತಿದ್ದೇನೆ.

ಕ್ಲೌಡ್ ಎಂದರೆ ಸರಳವಾಗಿ ಹೇಳುವುದಾದರೆ ಬಾಡಿಗೆ ಕಂಪ್ಯೂಟರ್. ಅಮೆಜಾನ್, ಗೂಗಲ್, ಮೈಕ್ರೋಸಾಫ್ಟ್‌ನಂತಹ ಕಂಪನಿಗಳು ತಮ್ಮ ಕಂಪ್ಯೂಟರುಗಳನ್ನು ಬಾಡಿಗೆಗೆ ಕೊಡುತ್ತವೆ. ಕರೆಂಟ್ ಬಿಲ್ಲಿನ ಹಾಗೆ, ಬಳಸಿದಷ್ಟಕ್ಕೆ ಬಿಲ್. ಒಳಗೆ ಹೋಗಲು ಮನುಷ್ಯರಿಗೆ ಪಾಸ್‌ವರ್ಡ್ ಇದ್ದ ಹಾಗೆ, ಸಾಫ್ಟ್‌ವೇರ್‌ಗಳಿಗೂ ಕೀಲಿ ಇರುತ್ತದೆ. ಅಮೆಜಾನ್‌ನ ಕ್ಲೌಡ್ ಸೇವೆಯಾದ ಎಡಬ್ಲ್ಯುಎಸ್‌ನಲ್ಲಿ ಅದಕ್ಕೆ ‘ಆಕ್ಸೆಸ್ ಕೀ’ ಎನ್ನುತ್ತಾರೆ. ಅದರಲ್ಲಿ ಎರಡು ಭಾಗ: ಗುರುತಿನ ಸಂಖ್ಯೆ ಮತ್ತು 40 ಅಕ್ಷರಗಳ ಗುಟ್ಟಿನ ಸಾಲು. ಸಾಮಾನ್ಯವಾಗಿ ಇವೆರಡೂ ಕೈಗೆ ಸಿಕ್ಕರೆ ಸಾಕು, ಒಟಿಪಿ ಕೇಳುವುದಿಲ್ಲ. ಸಾಫ್ಟ್‌ವೇರ್ ಬರೆಯುವವರು ಅವಸರದಲ್ಲಿ ಈ ಕೀಲಿಯನ್ನು ಪ್ರೋಗ್ರಾಮಿನ ಒಳಗೇ ಬರೆದು, ಅದನ್ನು ಗಿಟ್‌ಹಬ್‌ನಂತಹ ಎಲ್ಲರೂ ನೋಡುವ ಜಾಗಕ್ಕೆ ಹಾಕಿಬಿಡುತ್ತಾರೆ. ಇಂತಹ ಕೀಲಿಗಳನ್ನೇ ಹುಡುಕುವ ಬಾಟ್‌ಗಳು ಹಗಲೂ ರಾತ್ರಿ ಅಲ್ಲಿ ಸುತ್ತುತ್ತಿರುತ್ತವೆ. ಕೀಲಿ ಕಂಡ ಕೆಲವೇ ನಿಮಿಷಗಳಲ್ಲಿ ಅದನ್ನು ಬಳಸಿ ನೋಡುತ್ತವೆ. ಕಳ್ಳರು ನಮ್ಮ ಖಾತೆಯಲ್ಲಿ ದೊಡ್ಡ ಕಂಪ್ಯೂಟರುಗಳನ್ನು ಬಾಡಿಗೆಗೆ ಪಡೆದು ಕ್ರಿಪ್ಟೋ ಕರೆನ್ಸಿ ಮೈನಿಂಗ್ ಮಾಡುತ್ತಾರೆ. ಲಾಭ ಅವರಿಗೆ, ಬಿಲ್ ನಮಗೆ.

ಗಾಬರಿಯಾದವರು ಆ ಸಾಲನ್ನು ಅಳಿಸುತ್ತಾರೆ. ಆದರೆ ಗಿಟ್ ವ್ಯವಸ್ಥೆ ಹಳೆಯ ಪ್ರತಿಗಳನ್ನೆಲ್ಲ ಇಟ್ಟುಕೊಂಡಿರುತ್ತದೆ. ಇಂದು ಅಳಿಸಿದ ಸಾಲು ನಿನ್ನೆಯ ಪ್ರತಿಯಲ್ಲಿ ಹಾಗೆಯೇ ಇರುತ್ತದೆ. ವಾಟ್ಸ್‌ಆ್ಯಪ್‌ನಲ್ಲಿ ‘ಡಿಲೀಟ್ ಫಾರ್ ಎವ್ರಿಒನ್’ ಒತ್ತಿದರೂ ಅಷ್ಟರಲ್ಲಿ ಸ್ಕ್ರೀನ್‌ಶಾಟ್ ತೆಗೆದವರ ಫೋನಿನಿಂದ ಅದು ಹೋಗುವುದಿಲ್ಲ. ಕೀಲಿಯ ಫೋಟೊ ಹರಿದುಹಾಕಿದರೆ ಬೀಗ ಬದಲಾದಂತಾಗುವುದೇ?

ನಮ್ಮ ಓಣಿಯ ಹತ್ತಿರದ ಒಂದು ಸೈಬರ್ ಸೆಂಟರ್‌ನಲ್ಲಿ ಹೀಗೇ ಆಯಿತು. ನನ್ನ ಆಪಾ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಆಧಾರ್, ಮಾರ್ಕ್ಸ್ ಕಾರ್ಡ್, ಆದಾಯ ಪ್ರಮಾಣಪತ್ರ, ಪಾಸ್‌ಬುಕ್ ಎಲ್ಲವನ್ನೂ ಅಲ್ಲಿ ಸ್ಕ್ಯಾನ್ ಮಾಡಿಸಿದ್ದಳು. ಗಿರಾಕಿಗಳ ಕಾಗದಗಳೆಲ್ಲ ಅವರ ಒಂದೇ ಡ್ರೈವ್ ಖಾತೆಯಲ್ಲಿದ್ದವು. ರಶ್ ಇದ್ದ ದಿನ ಕೆಲಸದ ಹುಡುಗ ‘ನೀವೇ ಅಪ್‌ಲೋಡ್ ಮಾಡಿ’ ಎಂದು ಖಾತೆಯ ಪಾಸ್‌ವರ್ಡನ್ನೇ ಗ್ರೂಪ್‌ಗೆ ಹಾಕಿದ. ಮಾಲೀಕರು ಮೆಸೇಜ್ ಅಳಿಸಿದರು, ಹುಡುಗನನ್ನು ಎಲ್ಲರೆದುರು ಬೈದು ಕೆಲಸದಿಂದ ತೆಗೆದರು. ಪಾಸ್‌ವರ್ಡ್ ಬದಲಿಸಲಿಲ್ಲ. ಮೂರನೆಯ ದಿನ ಆಪಾ ಹೋಗಿ ಕೇಳಿದ ಮೇಲೆ ಬದಲಿಸಿದರು. ಆ ಮೂರು ದಿನ ಯಾರು ಒಳಗೆ ಹೋಗಿ ಏನು ತೆಗೆದುಕೊಂಡರು ಎಂದು ಯಾರೂ ನೋಡಲಿಲ್ಲ. ಕಾಗದ ಕೊಟ್ಟವರಿಗೆ ಒಂದು ಮಾತೂ ಹೇಳಲಿಲ್ಲ. ಹುಡುಗನ ಕೆಲಸ ಹೋಯಿತು, ಕಾಗದಗಳಿಗೆ ರಕ್ಷಣೆ ಸಿಗಲಿಲ್ಲ.

ಹಾಗಾದರೆ ಬೀಗ ಬದಲಿಸಿದರೆ ಮುಗಿಯಿತೇ? ಇಲ್ಲ. 2014ರ ಜೂನ್‌ನಲ್ಲಿ ‘ಕೋಡ್ ಸ್ಪೇಸಸ್’ ಎಂಬ ಕಂಪನಿಗೆ ಆದದ್ದನ್ನು ನೋಡಿ. ಬೇರೆಯವರ ಸಾಫ್ಟ್‌ವೇರ್ ಕೋಡ್ ಜೋಪಾನ ಮಾಡುವುದೇ ಅದರ ವ್ಯಾಪಾರ. ಒಬ್ಬ ದುಷ್ಕರ್ಮಿ ಅವರ ಅಮೆಜಾನ್ ಕ್ಲೌಡ್ ಖಾತೆಯೊಳಗೆ ನುಗ್ಗಿ ಹಣ ಕೇಳಿದ. ಕಂಪನಿಯವರು ಪಾಸ್‌ವರ್ಡ್ ಬದಲಿಸಲು ಹೊರಟರು. ಆದರೆ ಆತ ಮೊದಲೇ ತನಗಾಗಿ ಬೇರೆ ಲಾಗಿನ್‌ಗಳನ್ನು ಮಾಡಿಟ್ಟುಕೊಂಡಿದ್ದ. ಇವರ ಪ್ರಯತ್ನ ಕಂಡ ಕೂಡಲೇ ಒಂದೊಂದಾಗಿ ಅಳಿಸತೊಡಗಿದ. ಬ್ಯಾಕಪ್‌ಗಳೂ ಅದೇ ಖಾತೆಯಲ್ಲಿದ್ದವು. ಸುಮಾರು 12 ಗಂಟೆಗಳಲ್ಲಿ ಬಹುತೇಕ ಎಲ್ಲವೂ ಹೋಯಿತು. ಕಂಪನಿ ಬಾಗಿಲು ಹಾಕಿತು.

ಇದರಿಂದ ಕಲಿಯಬೇಕಾದ ಕ್ರಮ ಇಷ್ಟು. ಮೊದಲು ಸೋರಿದ ಕೀಲಿಯನ್ನು ನಿಷ್ಕ್ರಿಯ ಮಾಡಬೇಕು. ಸ್ವಲ್ಪ ಹೊತ್ತು ಕೆಲಸ ನಿಂತರೂ ಪರವಾಗಿಲ್ಲ. ಜೊತೆಗೇ, ಕಳ್ಳ ಒಳಗೆ ಹೊಸ ಬಳಕೆದಾರರನ್ನಾಗಲಿ ಹೊಸ ಕೀಲಿಗಳನ್ನಾಗಲಿ ಮಾಡಿಟ್ಟಿದ್ದಾನೆಯೇ ಎಂದು ಹುಡುಕಿ ತೆಗೆಯಬೇಕು. ಆಮೇಲೆ ಲಾಗ್ ಓದಬೇಕು. ಕಾಮರ್ಸ್ ವಿದ್ಯಾರ್ಥಿಗಳಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಲಾಗ್ ಎಂದರೆ ಖಾತೆಯ ಜರ್ನಲ್. ಯಾರು, ಯಾವಾಗ, ಎಲ್ಲಿಂದ, ಏನು ಮಾಡಿದರು ಎಂಬ ದಿನಾಂಕವಾರು ನಮೂದು. ಎಡಬ್ಲ್ಯುಎಸ್‌ನಲ್ಲಿ ‘ಕ್ಲೌಡ್‌ಟ್ರೇಲ್’ ಕಳೆದ 90 ದಿನಗಳ ಇಂತಹ ನಮೂದುಗಳನ್ನು ತೋರಿಸುತ್ತದೆ. ಕೊನೆಯದು, ಯಾರ ಮಾಹಿತಿ ಹೋಗಿದೆಯೋ ಅವರಿಗೆ ತಿಳಿಸಬೇಕು.

ಈ ಕೊನೆಯ ಹೆಜ್ಜೆಯಲ್ಲಿ ದೊಡ್ಡವರೂ ಎಡವಿದ್ದಾರೆ. 2016ರಲ್ಲಿ ಊಬರ್ ಕಂಪನಿಯ ಕೋಡ್ ಇದ್ದ ಗಿಟ್‌ಹಬ್ ಜಾಗಕ್ಕೆ ಇಬ್ಬರು ನುಗ್ಗಿದರು. ಅಲ್ಲಿ ಎಡಬ್ಲ್ಯುಎಸ್ ಕೀಲಿ ಸಿಕ್ಕಿತು. 5.7 ಕೋಟಿ ಪ್ರಯಾಣಿಕರು ಮತ್ತು ಚಾಲಕರ ಮಾಹಿತಿ ಅವರ ಕೈ ಸೇರಿತು. ಅದರಲ್ಲಿ ಅಮೆರಿಕದ ಸುಮಾರು 6 ಲಕ್ಷ ಚಾಲಕರ ಲೈಸೆನ್ಸ್ ಸಂಖ್ಯೆಗಳೂ ಇದ್ದವು. ಕಂಪನಿ ಅವರಿಗೆ 1 ಲಕ್ಷ ಡಾಲರ್ ಕೊಟ್ಟು ಬಾಯಿ ಮುಚ್ಚಿಸಿತು. ವಿಷಯ ಹೊರಬಂದದ್ದು ಒಂದು ವರ್ಷದ ಮೇಲೆ, 2017ರ ನವೆಂಬರ್‌ನಲ್ಲಿ. 2018ರಲ್ಲಿ ಅಮೆರಿಕದ ರಾಜ್ಯಗಳಿಗೆ 14.8 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಳ್ಳಬೇಕಾಯಿತು. ಕಂಪನಿಯ ಭದ್ರತಾ ಮುಖ್ಯಸ್ಥ ಜೋ ಸುಲಿವನ್ 2022ರಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ, 2023ರಲ್ಲಿ ಮೂರು ವರ್ಷಗಳ ಪ್ರೊಬೇಷನ್ ಶಿಕ್ಷೆ ಪಡೆದರು. ಗಮನಿಸಿ: ಅವರಿಗೆ ಶಿಕ್ಷೆಯಾದದ್ದು ಕೀಲಿ ಸೋರಿದ್ದಕ್ಕಲ್ಲ, ಸೋರಿದ್ದನ್ನು ಮುಚ್ಚಿಟ್ಟದ್ದಕ್ಕೆ.

ಯಾಕೆ ಮುಚ್ಚಿಡುತ್ತಾರೆ? ಹೆದರಿಕೆಯಿಂದ. ಇಲ್ಲಿ ನನಗೆ ಒಂದು ಪದ ನೆನಪಾಗುತ್ತದೆ. ನಮ್ಮ ಮನೆಯ ಉರ್ದುವಿನಲ್ಲಿ ‘ಅಮಾನತ್’ ಎಂದರೆ ಬೇರೆಯವರು ನಂಬಿ ನಮ್ಮ ಬಳಿ ಇಟ್ಟ ವಸ್ತು. ಪಕ್ಕದ ಮನೆಯವರು ಊರಿಗೆ ಹೋಗುವಾಗ ಅಮ್ಮಿಯ ಕೈಗೆ ಕೊಟ್ಟು ಹೋಗುವ ಒಡವೆಯ ಡಬ್ಬಿ ಅಮಾನತ್. ಅದಕ್ಕೆ ಏನಾದರೂ ಆದರೆ ಮೊದಲು ಅವರಿಗೇ ಹೇಳಬೇಕು. ಕನ್ನಡ ಪತ್ರಿಕೆಗಳಲ್ಲಿ ಅದೇ ಪದ ಬಂದರೆ ಯಾರನ್ನೋ ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಟ್ಟಿದ್ದಾರೆ ಎಂದರ್ಥ. ಪಾಸ್‌ವರ್ಡ್ ಸೋರಿದಾಗ ನಾವೆಲ್ಲ ಈ ಎರಡನೆಯ ಅಮಾನತನ್ನು ಮಾತ್ರ ಯೋಚಿಸುತ್ತೇವೆ: ಯಾರನ್ನು ಹೊರಗೆ ಹಾಕುವುದು? ಮೊದಲನೆಯದನ್ನು ಮರೆಯುತ್ತೇವೆ: ನಂಬಿ ಕೊಟ್ಟವರ ವಸ್ತು ಏನಾಯಿತು?

‘ಶಿಕ್ಷೆ ಇಲ್ಲದಿದ್ದರೆ ಎಲ್ಲರೂ ಅಜಾಗರೂಕರಾಗುತ್ತಾರೆ’ ಎಂದು ಕೆಲವರು ಹೇಳಬಹುದು. ಆ ಮಾತಿನಲ್ಲೂ ಹುರುಳಿದೆ. ಆದರೆ ಬ್ಯಾಂಕುಗಳ ನಿಯಮ ನೋಡಿ. ಗ್ರಾಹಕರು ತಾವೇ ಪಿನ್ ಅಥವಾ ಪಾಸ್‌ವರ್ಡ್ ಹೇಳಿಬಿಟ್ಟು ಹಣ ಹೋದರೆ, ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟ ಅವರದು. ತಿಳಿಸಿದ ನಂತರ ಆಗುವ ನಷ್ಟ ಬ್ಯಾಂಕಿನದು. 2017ರ ಜುಲೈ 6ರ ರಿಸರ್ವ್ ಬ್ಯಾಂಕ್ ಸುತ್ತೋಲೆ ಹೇಳುವುದು ಇದನ್ನೇ. ಅಲ್ಲಿ ತಪ್ಪಿಗೆ ಬೆಲೆ ಇದೆ, ಬೇಗ ಹೇಳಿದ್ದಕ್ಕೂ ಬೆಲೆ ಇದೆ. ಸರ್ಕಾರದ ಸಂಸ್ಥೆ ಸರ್ಟ್-ಇನ್ ಕೂಡ 2022ರ ಏಪ್ರಿಲ್ 28ರ ಆದೇಶದಲ್ಲಿ, ಇಂತಹ ಘಟನೆ ಗಮನಕ್ಕೆ ಬಂದ 6 ಗಂಟೆಗಳೊಳಗೆ ತಿಳಿಸಬೇಕು ಎಂದಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿ ರೂಪಾಯಿವರೆಗೆ ದಂಡಕ್ಕೆ ಅವಕಾಶವಿದೆ. ಹೇಳಬೇಕಾದವರು ಬೈಗುಳಕ್ಕೆ ಹೆದರಿ ಎರಡು ದಿನ ಸುಮ್ಮನಿದ್ದರೆ 6 ಗಂಟೆ ಎಲ್ಲಿ ಉಳಿಯುತ್ತದೆ?

ನಮ್ಮ ಕಾಲೇಜಿಗೆ ಬರೋಣ. ಫೆಸ್ಟ್ ನೋಂದಣಿ, ಪ್ರವಾಸದ ಪಟ್ಟಿ, ಸಂಘಗಳ ಲೆಕ್ಕ ಎಲ್ಲವೂ ಈಗ ಡ್ರೈವ್‌ನಲ್ಲಿವೆ. ಅವುಗಳಲ್ಲಿ ನಮ್ಮ ಹೆಸರು, ಪೋಷಕರ ಫೋನ್ ನಂಬರ್, ಫೋಟೊಗಳಿರುತ್ತವೆ. ವಿಶೇಷವಾಗಿ ಹುಡುಗಿಯರ ನಂಬರ್ ಹೊರಗೆ ಹೋದರೆ ಮನೆಯಲ್ಲಿ ಮೊದಲು ಬಂದ್ ಆಗುವುದು ಅವರ ಫೋನ್, ಕೆಲವೊಮ್ಮೆ ಅವರ ಓದು. ಸೋರಿಸಿದವರು ಬೇರೆ, ಅನುಭವಿಸುವವರು ಬೇರೆ.

ಆದ್ದರಿಂದ ಪ್ರಾಂಶುಪಾಲರಲ್ಲಿ ಮತ್ತು ಉಪನ್ಯಾಸಕರಲ್ಲಿ ನಾಲ್ಕು ವಿನಂತಿಗಳು. ಒಂದು, ಯಾವ ಖಾತೆ ಯಾರ ಕೈಯಲ್ಲಿದೆ ಎಂಬ ಪಟ್ಟಿ ಆಫೀಸಿನಲ್ಲಿರಲಿ. ಎರಡು, ಪ್ರತಿ ವರ್ಷ ಹೊಸ ಪದಾಧಿಕಾರಿಗಳು ಬಂದ ದಿನವೇ ಪಾಸ್‌ವರ್ಡ್‌ಗಳು ಬದಲಾಗಲಿ, ಒಟಿಪಿಯಂತಹ ಎರಡನೆಯ ಬೀಗವೂ ಇರಲಿ. ಮೂರು, ಸೋರಿಕೆಯಾದರೆ ಯಾರಿಗೆ ಫೋನ್ ಮಾಡಬೇಕು ಎಂಬ ಒಂದು ನಂಬರ್ ನೋಟಿಸ್ ಬೋರ್ಡ್‌ನಲ್ಲಿರಲಿ. ನಾಲ್ಕನೆಯದೇ ಮುಖ್ಯ: ಅದೇ ದಿನ ತಾವಾಗಿ ಬಂದು ಹೇಳಿದವರನ್ನು ತರಗತಿಯೆದುರು ನಿಲ್ಲಿಸುವುದಿಲ್ಲ, ಮುಚ್ಚಿಟ್ಟವರನ್ನು ಮಾತ್ರ ಕೇಳುತ್ತೇವೆ ಎಂದು ಅಸೆಂಬ್ಲಿಯಲ್ಲಿ ಒಮ್ಮೆ ಹೇಳಿಬಿಡಿ.

ಮೊದಲ ಮೂರಕ್ಕೆ ಒಂದು ಮಧ್ಯಾಹ್ನ ಸಾಕು. ನಾಲ್ಕನೆಯದಕ್ಕೆ ಒಂದು ಮಾತು ಸಾಕು, ಆದರೆ ಆ ಮಾತನ್ನು ಉಳಿಸಿಕೊಳ್ಳಬೇಕು.