ಬಿಟ್ಟಿ ಮನೆಯಲ್ಲ, ಬಡ್ಡಿ ಇಲ್ಲದ ಮನೆ

ಕೊಪ್ಪಳ: ಚುನಾವಣೆ ಹತ್ತಿರ ಬಂತೆಂದರೆ ಸಾಕು, ಪುಢಾರಿಗಳ ಬಾಯಲ್ಲಿ ಮನೆಗಳದೇ ಸುರಿಮಳೆ. ಮತ ಬಿದ್ದ ಮೇಲೆ ಮನೆ ಎಲ್ಲಿ, ಮಹಾಶಯರೆಲ್ಲಿ? ಕುಷ್ಟಗಿ, ಯಲಬುರ್ಗಾ ಕಡೆಯ ಜನ ಗಂಟುಮೂಟೆ ಕಟ್ಟಿ ಗುಳೆ ಹೊರಡುತ್ತಾರೆ. ಮಣ್ಣಿನ ಮಾಳಿಗೆ ಊರಲ್ಲಿ ಸೋರುತ್ತಲೇ ಇರುತ್ತದೆ.

ಬಡವನಿಗೆ ಮನೆ ಕೊಡುವುದೆಂದರೆ ಭಿಕ್ಷೆ ಹಾಕಿದಂತೆ ಎಂದು ತಿಳಿದವರು ಮಿಲರ್ಡ್ ಫುಲ್ಲರ್ ಎಂಬ ಅಮೆರಿಕದ ವಕೀಲನ ಕಥೆ ಕೇಳಬೇಕು. ಮೂವತ್ತು ತುಂಬುವ ಮೊದಲೇ ಆಸಾಮಿ ಹತ್ತು ಲಕ್ಷ ಡಾಲರಿನ ಒಡೆಯ. ದುಡ್ಡಿನ ಬೆನ್ನು ಹತ್ತಿ ಸಂಸಾರವೇ ಮುರಿಯುವ ಹೊತ್ತು ಬಂತು. 1965ರಲ್ಲಿ ಹೆಂಡತಿ ಲಿಂಡಾ ಜೊತೆ ಕೂತು ಮಾತಾಡಿ, ಆಸ್ತಿಯೆಲ್ಲ ಮಾರಿ ಹಂಚಿಬಿಟ್ಟ. ಆಮೇಲೆ ಸೇರಿದ್ದು ಜಾರ್ಜಿಯಾದ ಕೊಯ್ನೋನಿಯಾ ಫಾರ್ಮು. ಕರಿಯರು, ಬಿಳಿಯರು ಒಂದೇ ಪಂಕ್ತಿಯಲ್ಲಿ ಉಣ್ಣುತ್ತಿದ್ದ ಜಾಗ ಅದು. ಅದಕ್ಕಾಗೇ ಸುತ್ತಲಿನವರ ಬಹಿಷ್ಕಾರವನ್ನೂ ಗುಂಡಿನೇಟನ್ನೂ ಕಂಡಿತ್ತು.

ಅಲ್ಲಿ ಕ್ಲಾರೆನ್ಸ್ ಜೋರ್ಡನ್ ಎಂಬ ಹಿರಿಯನ ಜೊತೆ ಒಂದು ಲೆಕ್ಕ ಹುಟ್ಟಿತು. ಲಾಭ ಇಲ್ಲ, ಬಡ್ಡಿ ಇಲ್ಲ. ಮನೆ ಬೇಕಾದವರೂ ಕಲ್ಲು ಹೊರಬೇಕು, ಗೋಡೆ ಕಟ್ಟಬೇಕು. ಅವರು ತುಂಬುವ ಕಂತು ಮುಂದಿನ ಬಡವನ ಮನೆಗೆ. ಈ ಲೆಕ್ಕ ಆಫ್ರಿಕದ ಜೈರ್‌ನಲ್ಲೂ ನಡೆದೀತೇ ಎಂದು ಮೂರು ವರ್ಷ ಅಲ್ಲಿದ್ದು ನೋಡಿ ಬಂದ ದಂಪತಿ, 1976ರಲ್ಲಿ ‘ಹ್ಯಾಬಿಟ್ಯಾಟ್ ಫಾರ್ ಹ್ಯುಮ್ಯಾನಿಟಿ’ ಶುರು ಮಾಡಿದರು. ಮಾಜಿ ಅಧ್ಯಕ್ಷ ಜಿಮ್ಮಿ ಕಾರ್ಟರ್ 1984ರಲ್ಲಿ ಸುತ್ತಿಗೆ ಹಿಡಿದ ಮೇಲೆ ಜಗತ್ತೇ ತಿರುಗಿ ನೋಡಿತು.

ನಮ್ಮ ದೇಶದಲ್ಲಿ ಈ ಕೆಲಸ ಮೊದಲಾದದ್ದು 1983ರಲ್ಲಿ, ಈಗ ತೆಲಂಗಾಣಕ್ಕೆ ಸೇರಿರುವ ಖಮ್ಮಮ್‌ನಲ್ಲಿ. 2006ರಲ್ಲಿ ಲೋಣಾವಳ ಹತ್ತಿರದ ಮಳವಳಿಯಲ್ಲಿ ಕಾರ್ಟರೇ ಬಂದು ನಿಂತು, ನೂರು ಮನೆಗಳ ಕೆಲಸಕ್ಕೆ ಕೈಹಚ್ಚಿದರು. ಆದರೆ ಸಂಸ್ಥೆ ದೊಡ್ಡದಾದಂತೆ ಜಗಳವೂ ದೊಡ್ಡದಾಯಿತು. 2005ರಲ್ಲಿ ಹುಟ್ಟುಹಾಕಿದ ಫುಲ್ಲರನನ್ನೇ ಹೊರಗೆ ಹಾಕಿದರು. ಆತ 2009ರಲ್ಲಿ ತೀರಿಕೊಂಡ. ಲೆಕ್ಕ ಮಾತ್ರ ನಿಲ್ಲಲಿಲ್ಲ, ಮನೆಗಳು ಏಳುತ್ತಲೇ ಇವೆ.

ಅದೇ 2009ರ ಸೆಪ್ಟೆಂಬರ್ ಕೊನೆಗೆ ಉತ್ತರ ಕರ್ನಾಟಕ ನೆರೆಯಲ್ಲಿ ಮುಳುಗಿತು. ಸರ್ಕಾರ ದಾನಿಗಳನ್ನು ಕರೆದು ‘ಆಸರೆ’ ಹೆಸರಲ್ಲಿ ಹೊಸ ಊರುಗಳನ್ನೇ ಕಟ್ಟಿಸಿತು. ದಾನಿಗಳ ಮನಸ್ಸು ದೊಡ್ಡದು, ಸುಳ್ಳಲ್ಲ. ಆದರೆ ದನ ಎಲ್ಲಿ ಕಟ್ಟಬೇಕು, ಹೊಟ್ಟುಮೇವು ಎಲ್ಲಿ ಒಟ್ಟಬೇಕು, ಹೊಲ ಎಷ್ಟು ದೂರ ಎಂದು ಇರುವವರನ್ನು ಕೇಳಿದವರು ಕಡಿಮೆ. ಎಷ್ಟೋ ಕಡೆ ಬೀಗದ ಮನೆಗಳು ಹಾಳು ಬಿದ್ದವು, ಜನ ಹಳೇ ಊರಿಗೇ ವಾಪಸಾದರು.

ಇನ್ನು 2016ರ ಪ್ರಧಾನಮಂತ್ರಿ ಆವಾಸ್ ಗ್ರಾಮೀಣ ಯೋಜನೆ. ಬಯಲು ಸೀಮೆಗೆ 1.20 ಲಕ್ಷ ರೂಪಾಯಿ, ಅದೂ ಕಂತಿನಲ್ಲಿ. ಇಷ್ಟು ಕಟ್ಟಿದ್ದಾಗಿದೆ ಎಂದು ಫೋಟೋ ತೋರಿಸಿದರೆ ಮುಂದಿನ ಕಂತು. ದುಡಿಯಾಕ ದೂರದೂರಿಗೆ ಹೋದವ ಫೋಟೋಕ್ಕೆ ನಿಲ್ಲುವುದು ಯಾವಾಗ? ಸಾಲ ತಂದು ಪಾಯ ಹಾಕಿದವನ ಗತಿ ಏನು?

ಫುಲ್ಲರನ ಲೆಕ್ಕ ನಮಗೇನು ಹೊಸದಲ್ಲ. ಮುಯ್ಯಾಳು ಅನ್ನುವುದು ನಮ್ಮ ಹೊಲದಲ್ಲೇ ಹುಟ್ಟಿದ ಮಾತು. ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ಗವಿಮಠದ ಜಾತ್ರೆಗೆ ಹಳ್ಳಿ ಹಳ್ಳಿಯಿಂದ ಜೋಳದ ರೊಟ್ಟಿ ಬಂದು ಬೀಳುವುದನ್ನು ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಗಂಗಾವತಿಯ ಅಕ್ಕಿ ಗಿರಣಿಯ ಸಾಹುಕಾರರು ಸಿಮೆಂಟು ಕೊಡಲಿ, ಊರಿನವರು ಆಳು ಕೊಡಲಿ, ಮನೆಯವರು ಕೈಲಾದಷ್ಟು ಕಂತು ಕೊಡಲಿ. ಬರ ಬಿದ್ದ ವರ್ಷ ಕಂತಿನ ಬದಲು ಮುಂದಿನ ಮನೆಗೆ ದುಡಿಮೆ ಕೊಡಲಿ.

ಭಿಕ್ಷೆಯ ಮನೆಗೆ ದಾನಿಯ ಹೆಸರಿನ ಫಲಕ ಇರುತ್ತದೆ. ದುಡಿದು ಕಟ್ಟಿದ ಮನೆಗೆ ಫಲಕ ಬೇಡ, ಒಳಗೆ ದೀಪ ಉರಿದರೆ ಸಾಕು.